ಏನೂ ಮಾಡದ ಹಂತ

ಕೊಟ್ಟೂರಿನ ಪುಷ್ಪಲತಾ ಹರಪನಹಳ್ಳಿಯ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಕೊಬಾಲ್ ಎಂಬ ಭಾಷೆ ಸತ್ತುಹೋಗಿದೆ ಎಂದು ಪಠ್ಯಪುಸ್ತಕ ಹೇಳುತ್ತದೆ. ಅವಳೂ ಹಾಗೆಯೇ ಹೇಳಬೇಕು. ಆ ಸತ್ತ ಭಾಷೆಯಲ್ಲಿ ವಿಮಾ ಕಂಪನಿಯೊಂದರ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರ್ ಯಂತ್ರವನ್ನು ಇಪ್ಪತ್ತು ವರ್ಷ ಸಾಕಿದವಳು ಅವಳು. ಹೊಸದು ಕಲಿತಿಲ್ಲವೆಂದು ಕಂಪನಿ ಅವಳನ್ನು ಮನೆಗೆ ಕಳಿಸಿತು. ಯಂತ್ರವನ್ನು ಕಳಿಸಲಿಲ್ಲ. ಹೇಗೆ ಕಳಿಸೀತು? ಲೆಕ್ಕವೆಲ್ಲ ಅದರ ಹೊಟ್ಟೆಯಲ್ಲಿದೆ.

ಒಂದು ದಿನ ಹಳೆಯ ಮ್ಯಾನೇಜರನ ಫೋನು. "ಮೇಡಂ, ನಿಮ್ಮಂಥವರು ಈಗ ಎಲ್ಲೂ ಸಿಗ್ತಿಲ್ಲ. ಕೊಟ್ಟೂರಲ್ಲೇ ಕೂತು ಮಾಡಿ, ಕಾಯಂ ನೌಕರಿ. ಪತ್ರ ಈ ವಾರ ಬರತ್ತೆ. ಅಷ್ಟರಲ್ಲಿ ಇದೊಂದು ನೋಡಿಬಿಡಿ, ಸತ್ತವರ ಮನೆಯವರಿಗೆ ಹೋಗಬೇಕಾದ ಹಣ ನಿಂತಿದೆ."

ಅಕ್ಕ ಗೀತಮ್ಮ ರೊಟ್ಟಿ ಬಡಿಯುತ್ತಲೇ ಕೇಳಿಸಿಕೊಂಡಳು. "ಲೇ ಪುಷ್ಪಿ, ಪತ್ರ ಬರ್ಲಿ, ಆಮ್ಯಾಲ ಬಾಯಿ ಬಿಡು. ಯಾರರ ಕೇಳಿದ್ರ ಸಾಕು, ಎಲ್ಲಾ ಸುರೀತಿ ನೀನು."

"ಗಂಡ ಸತ್ತ ಹೆಣ್ಮಕ್ಳ ರೊಕ್ಕ ಅಕ್ಕಾ ಅದು."

"ನಿನ್ನ ತಗದಾಗ ಅವರ ಕಣ್ಣಿಗೆ ಹೆಣ್ಮಗಳು ಬಿದ್ದಿದ್ಲೇನು?"

ಆದರೂ ಪುಷ್ಪಲತಾ ಕಂಪನಿ ಕಳಿಸಿದ್ದನ್ನು ತೆರೆದು ನೋಡಿದಳು. ನಗು ಬಂತು. ಯಂತ್ರದ ದಿನದ ಕೆಲಸದ ಮೊದಲಿಗೆ ಹಿಂದೆ ಒಂದು ಹಂತವಿತ್ತು. ಅಲ್ಲಿಯ ಪ್ರೋಗ್ರಾಂ ಏನೂ ಮಾಡುವುದಿಲ್ಲ. ಶುರುವಾಗಿ ಮುಗಿಯುತ್ತದೆ, ಅಷ್ಟೇ. ಆ ನೆಪದಲ್ಲಿ ಯಂತ್ರ ನಿನ್ನೆಯ ಫೈಲು ಅಳಿಸಿ ಇಂದಿನದಕ್ಕೆ ಜಾಗ ಮಾಡಿಕೊಳ್ಳುತ್ತದೆ. ಹೊಸ ತಂಡ ಅದನ್ನು ದಂಡವೆಂದು ಕಿತ್ತು ಬಿಸಾಕಿತ್ತು; ನಿನ್ನೆಯ ಫೈಲು ಜಾಗ ಬಿಡದೆ ಇಂದಿನ ಕೆಲಸ ನಿಂತಿತ್ತು. ಇಂಥ ಕೀಳುವ ಚಟ ಕಂಪನಿಗೆ ಹೊಸದೇನಲ್ಲ.

ಆ ಹಂತವನ್ನು ಮತ್ತೆ ಸೇರಿಸಲು ಅವಳು ಹೇಳಿಕೊಟ್ಟಳು. ಸಂಜೆಗೆ ಯಂತ್ರ ನಡೆಯಿತು, ವಾರ ಕಳೆದರೂ ಪತ್ರ ಬರಲಿಲ್ಲ. ಕೇಳಿದರೆ, "ಬಜೆಟ್ ಇಲ್ಲ ಮೇಡಂ, ಬೇಕಾದಾಗ ಕರೀತೀವಿ."

ಕರೆದರು ಕೂಡ. ಅದೇ ಹಣ, ಈ ಸಲ ಬೇರೊಂದು ಕಡೆ ನಿಂತಿತ್ತು.

"ಮೊದ್ಲು ಪತ್ರ ಕಳಸ್ರಿ."

"ಬಡವರ ದುಡ್ಡು ಮೇಡಂ. ಮನಸ್ಸಾಕ್ಷಿ ಬೇಡ್ವಾ?"

"ನಂದು ಒಂದ್ಸಲ ಬಿಟ್ಟಿ ತಗೊಂಡೀರಿ. ಈಗ ನಿಮ್ದು ತಗೀರಿ ಹೊರಗ," ಎಂದು ಫೋನಿಟ್ಟಳು. ಗೀತಮ್ಮ ಮೊದಲ ಬಾರಿಗೆ ತಂಗಿಯ ಬೆನ್ನು ತಟ್ಟಿದಳು.

ಮೂರು ದಿನ ಗಟ್ಟಿಯಾಗಿದ್ದಳು. ನಾಲ್ಕನೆಯ ದಿನ ಹಿಂದಿನ ಓಣಿಯ ಮಂಜಮ್ಮ ಬಂದು ಹೊಸ್ತಿಲ ಹೊರಗೇ ಕೂತಳು. ಗಂಡ ಹೋಗಿ ಇನ್ನೂ ವರ್ಷವಾಗಿಲ್ಲ.

"ತಂಗಿ, ನೀ ಆ ಕಂಪನ್ಯಾಗ ಇದ್ದಾಕಿ. ನಮ್ಮ ಮನಿಯವ್ರ ರೊಕ್ಕ ಯಾಕ ಬಂದಿಲ್ಲ, ಒಂಚೂರು ಕೇಳ್ತಿಯೇನವ್ವಾ?"

ಪುಷ್ಪಲತಾ ಅಕ್ಕನ ಮುಖ ನೋಡಿದಳು. ಗೀತಮ್ಮ ಗೋಡೆ ನೋಡಿದಳು.

ಪುಷ್ಪಲತಾ ಫೋನು ಹಚ್ಚಿದಳು. ಅತ್ತ ಒಂದೇ ರಿಂಗಿಗೆ ಮ್ಯಾನೇಜರ್ ಎತ್ತಿದ. "ಮಾಡ್ತೀರಿ ಅಂತ ಗೊತ್ತಿತ್ತು ಮೇಡಂ."