ನೈಫಿನ ಹಿಲ್ಡಾ ಟೀಚರ್ ಚುನಾವಣೆಗೆ ನಿಂತದ್ದು

ಹಿಲ್ಡಾ ಟೀಚರ್ ಕನ್ನಡ ಪಾಠಕ್ಕೆ ಬರುವಾಗ ಅವರ ಕೈಯಲ್ಲಿ ಪುಸ್ತಕ ಇರುತ್ತಿರಲಿಲ್ಲ, ಕುಕ್ಕರ್ ಇರುತ್ತಿತ್ತು. ಹಿಡಿ ಸಡಿಲವಾದ ಹಳೆಯ ಕುಕ್ಕರ್, ಅದರೊಳಗೆ ಒಗ್ಗರಣೆ ಹಾಕಿದ ಕಡಲೆ. ಭಾನುವಾರ ಬೆಳಿಗ್ಗೆ ದುಬೈಯ ನೈಫ್ ಬಡಾವಣೆಯ ಗಲ್ಲಿಗಳಲ್ಲಿ, ಬಟ್ಟೆಯ ಬಂಡಲು ತುಂಬಿದ ಕೈಗಾಡಿಗಳ ನಡುವೆ, ಅವರು ಅದನ್ನು ಎದೆಗೆ ಒತ್ತಿಕೊಂಡು ಬರುತ್ತಿದ್ದರೆ ಗಾಡಿ ತಳ್ಳುವವರು ತಾವಾಗಿಯೇ ದಾರಿ ಬಿಡುತ್ತಿದ್ದರು. "ಯಲ್ಲಾ ಭಾಯಿ, ಗರಂ ಹೈ" ಎಂದು ಅವರು ಕೂಗುವುದು ಮೇಲಿನ ಮಹಡಿಯ ನಮ್ಮ ತರಗತಿಯ ಕೋಣೆಗೂ ಕೇಳಿಸುತ್ತಿತ್ತು. ಅಷ್ಟು ಹೊತ್ತಿಗೆ ಮಕ್ಕಳು ಗಲಾಟೆ ನಿಲ್ಲಿಸಿ ಸಾಲಾಗಿ ಕುಳಿತಿರುತ್ತಿದ್ದರು. ಅದು ಕನ್ನಡದ ಮೇಲಿನ ಪ್ರೀತಿಯಿಂದ ಎಂದು ನಾನು ಹೇಳಲಾರೆ.

ಟೀಚರ್ ನಿಜದಲ್ಲಿ ಟೀಚರ್ ಅಲ್ಲ. ದೇರಾದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಊರು ಉಡುಪಿಯ ಕಡೆ, ಮನೆಮಾತು ಕೊಂಕಣಿ. ಗಂಡ ತೀರಿಕೊಂಡ ಮೇಲೆ ದುಬೈಗೆ ಬಂದವರು, ನೈಫಿನಲ್ಲೇ ಒಂದು ಬೆಡ್‌ಸ್ಪೇಸಿನಲ್ಲಿ, ಅಂದರೆ ಹಂಚಿಕೊಂಡ ಕೋಣೆಯ ಒಂದು ಮಂಚದಲ್ಲಿ, ವಾಸ. ಇಲ್ಲಿನ ಕನ್ನಡ ತರಗತಿಗಳನ್ನು ನಡೆಸುವುದು ನಾವು ತಂದೆತಾಯಿಯರೇ. ದುಬೈ, ಶಾರ್ಜಾ, ಅಬುಧಾಬಿ ಎಂದು ಅಲ್ಲಲ್ಲಿ ಕೇಂದ್ರಗಳಿದ್ದವು, ಎಲ್ಲಕ್ಕೂ ಸೇರಿ ಒಬ್ಬರು ಮುಖ್ಯ ಶಿಕ್ಷಕರು. ಸಂಬಳ ಯಾರಿಗೂ ಇರಲಿಲ್ಲ. ನೈಫಿನ ಕೇಂದ್ರವೆಂದರೆ ನಮ್ಮೂರಿನವರೊಬ್ಬರ ಬಟ್ಟೆ ಅಂಗಡಿಯ ಮೇಲಿನ ಕೋಣೆ. ಅಲ್ಲಿಗೆ ಬರುತ್ತಿದ್ದವರು ಹೆಚ್ಚಾಗಿ ಸುತ್ತಲಿನ ಅಂಗಡಿ, ಹೋಟೆಲುಗಳಲ್ಲಿ ದುಡಿಯುವವರ ಮಕ್ಕಳು. ನಮ್ಮ ಮನೆ ಸ್ವಲ್ಪ ದೂರವಾದರೂ ಟೀಚರಿಗಾಗಿ ನಾನು ಮಗಳು ಅನ್ವಿಯನ್ನು ಅಲ್ಲಿಗೇ ಕರೆದೊಯ್ಯುತ್ತಿದ್ದೆ.

ಅವರ ಪಾಠದ ಕ್ರಮ ವಿಚಿತ್ರ. ಅಕ್ಷರಕ್ಕಿಂತ ಮೊದಲು ಫೋನು. ಪ್ರತಿ ಮಗುವೂ ಊರಿಗೆ ಕರೆಮಾಡಿ, ಇವತ್ತು ಮನೆಯಲ್ಲಿ ಏನು ಅಡಿಗೆ ಎಂದು ಕನ್ನಡದಲ್ಲಿ ಕೇಳಿ, ಉತ್ತರವನ್ನು ಎಲ್ಲರ ಎದುರು ಹೇಳಬೇಕು. ಅನ್ವಿಯ ಸರದಿ ಬಂದಾಗ ಅವಳು ಕಾಪುವಿನಲ್ಲಿರುವ ನನ್ನ ಅತ್ತೆಗೆ ಕರೆಮಾಡಿದಳು. ಇಲ್ಲಿಂದ ಇಂಟರ್ನೆಟ್ಟಿನಲ್ಲಿ ಕರೆ ಹೋದರೆ ಅಲ್ಲಿ ಯಾವುದೋ ಅಪರಿಚಿತ ನಂಬರು ಕಾಣಿಸುತ್ತದೆ. ಅತ್ತೆಯದು ಹುಟ್ಟಿದಾಗಿನಿಂದ ತುಳು. "ಅಜ್ಜಿ, ನಮಸ್ಕಾರ. ಇವತ್ತು ಏನು ಅಡಿಗೆ ಮಾಡಿದ್ದೀರಿ?" ಎಂದು ಅನ್ವಿ ಕಲಿತದ್ದನ್ನು ಒಪ್ಪಿಸಿದಳು. ಆಚೆಯಿಂದ ಅತ್ತೆ ಗಟ್ಟಿಯಾಗಿ, "ಲೋನ್ ಗೀನ್ ಎಂತದೂ ಬೇಡ ನಮಗೆ" ಎಂದು ಹೇಳಿ ಫೋನ್ ಇಟ್ಟುಬಿಟ್ಟರು. ಫೋನಿನಲ್ಲಿ ಅವರೊಡನೆ ಅಷ್ಟು ಶುದ್ಧ ಕನ್ನಡ ಮಾತಾಡುವವರು ಬ್ಯಾಂಕಿನವರು ಮಾತ್ರ.

ಅನ್ವಿ ಮುಖ ಸಪ್ಪೆ ಮಾಡಿಕೊಂಡು, "ಶೀ ಕಟ್ ದ ಕಾಲ್" ಎಂದಳು. ಟೀಚರ್ ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಇನ್ನೊಂದ್ಸಲ ಮಾಡು ಪುಟ್ಟ. ಮೊದ್ಲು ತುಳುವಿನಲ್ಲಿ ನಿನ್ನ ಹೆಸ್ರು ಹೇಳು, ಮತ್ತೆ ಕನ್ನಡ" ಎಂದರು. ಆ ದಿನ ಅತ್ತೆ ಬಸಳೆ ಸಾರು ಮಾಡಿದ್ದರು. ಬಸಳೆ ಎಂದರೇನು ಎನ್ನುವುದೇ ಉಳಿದ ಹೊತ್ತಿನ ಪಾಠವಾಯಿತು.

ಕೊಂಕಣಿಯವರಿಗೆ ಕನ್ನಡದ ಉಸಾಬರಿ ಯಾಕೆ ಎಂದು ಒಬ್ಬರು ತಮಾಷೆಗೆ ಕೇಳಿದ್ದುಂಟು. "ನಾನು ಪ್ರಾರ್ಥನೆ ಮಾಡುದು ಕೊಂಕಣಿಯಲ್ಲಿ, ಜಗಳ ಮಾಡುದೂ ಕೊಂಕಣಿಯಲ್ಲೇ. ಆದ್ರೆ ಲೆಕ್ಕ ಮಾತ್ರ ಕನ್ನಡದಲ್ಲೇ ಬರುದು. ಮಗ್ಗಿ ಕಲ್ತದ್ದು ಕನ್ನಡ ಶಾಲೆಯಲ್ಲಲ್ವಾ?" ಎಂದರು ಟೀಚರ್. ಕೇಳಿದವರ ಮನೆಮಾತು ತುಳು.

ಹಳೆಯ ಮುಖ್ಯ ಶಿಕ್ಷಕರಾದ ಭಟ್ಟರು ಊರಿಗೆ ಮರಳುವುದು ಖಚಿತವಾದ ವರ್ಷ ಅವರ ಸ್ಥಾನಕ್ಕೆ ಈ ಚುನಾವಣೆ ಬಂತು. ಅದುವರೆಗೆ ನಮ್ಮಲ್ಲಿ ಆಯ್ಕೆ ಎಂದರೆ ಅವಿರೋಧ ಆಯ್ಕೆ. ಒಬ್ಬರು ಹೆಸರು ಸೂಚಿಸುವುದು, ಇನ್ನೊಬ್ಬರು ಅನುಮೋದಿಸುವುದು, ಚಪ್ಪಾಳೆ, ಊಟ. ಈ ಸಲವೂ ಹಾಗೇ ಸದಾನಂದಣ್ಣನ ಹೆಸರು ಬಂತು. ಅವರು ಅಬುಧಾಬಿಯಲ್ಲಿ ದೊಡ್ಡ ಕಂಪನಿಯ ಮ್ಯಾನೇಜರ್, ಮನೆ ಅಲ್ ರೀಮ್ ಐಲ್ಯಾಂಡಿನ ಎತ್ತರದ ಕಟ್ಟಡದಲ್ಲಿ. ಕೆಟ್ಟ ಮನುಷ್ಯರಲ್ಲ. ಜೆಬೆಲ್ ಅಲಿಯಲ್ಲಿ ನನ್ನ ಗಂಡ ಪ್ರವೀಣನಿಗೆ ಕೆಲಸ ಕೊಡಿಸಿದವರೇ ಅವರು. ಆದರೆ ಅವರ ಯೋಜನೆಯಲ್ಲಿ ಸಣ್ಣ ಕೇಂದ್ರಗಳಿಗೆ ಜಾಗವಿರಲಿಲ್ಲ. ಎಲ್ಲವನ್ನೂ ಮುಚ್ಚಿ, ದುಬೈಗೊಂದು ಅಬುಧಾಬಿಗೊಂದು, ಸ್ಮಾರ್ಟ್ ಬೋರ್ಡ್ ಇರುವ ದೊಡ್ಡ ಸಭಾಂಗಣದಲ್ಲಿ ತರಗತಿ. "ನೈಫಿನ ಆ ರೂಮಿನಲ್ಲಿ ಎಸಿ ಕೂಡ ಸರಿ ಇಲ್ಲ" ಎನ್ನುತ್ತಿದ್ದರು. ಅದು ನಿಜವೇ. ಕಾರಿಲ್ಲದ ನೈಫಿನ ಮಕ್ಕಳು ಆ ಸಭಾಂಗಣಕ್ಕೆ ಹೋಗುವುದಿಲ್ಲ ಎನ್ನುವುದೂ ನಿಜ.

"ಹಾಗಾದ್ರೆ ನಾನೂ ನಿಲ್ತೇನೆ" ಎಂದರು ಟೀಚರ್. ಸಭೆ ತಬ್ಬಿಬ್ಬಾಯಿತು. ಕೈ ಎತ್ತಿಸಿ ಎಣಿಸಬೇಕಾದ ಸಂದರ್ಭ ನಮಗೆ ಎಂದೂ ಬಂದಿರಲಿಲ್ಲ. ಒಂದು ಮನೆಗೆ ಒಂದು ಕೈ, ಸಮ ಬಂದರೆ ಹಿರಿಯರಿಗೆ ಸ್ಥಾನ, ನಿಂತವರಿಬ್ಬರೂ ಕೈ ಎತ್ತುವ ಹಾಗಿಲ್ಲ ಎಂದು ಭಟ್ಟರು ನಿಯಮ ಹೇಳಿದರು. ಇಬ್ಬರಲ್ಲಿ ಹಿರಿಯರು ಟೀಚರೇ.

"ಒಂದು ಮನೆಗೆ ಒಂದು ಕೈ, ಸರಿ. ಯಾರ ಕೈ?" ಎಂದು ಟೀಚರ್ ಕೇಳಿದರು. ಗಂಡಸರದ್ದು ಎಂದು ಯಾರೂ ಹೇಳಲಿಲ್ಲ, ಆದರೆ ಎಲ್ಲರೂ ಅಂದುಕೊಂಡದ್ದು ಅದನ್ನೇ. "ವಾರವಾರ ಮಗುವನ್ನು ಎಬ್ಬಿಸಿ, ತಲೆ ಬಾಚಿ, ತರಗತಿಗೆ ಕರ್ಕೊಂಡು ಬರುವವರದ್ದು" ಎಂದರು ಟೀಚರ್.

"ಹಾಗಾದ್ರೆ ಶಾರ್ಜಾದ ಮಕ್ಕಳನ್ನು ತರುವ ವ್ಯಾನ್ ಡ್ರೈವರ್ ಖಾನನೂ ಕೈ ಎತ್ತುವನಾ?" ಎಂದು ಹಿಂದಿನಿಂದ ಒಬ್ಬರು ಕೇಳಿದಾಗ ಎಲ್ಲರೂ ನಕ್ಕರು. ಟೀಚರ್ ನಗಲಿಲ್ಲ. "ಖಾನನಿಗೆ ನೀವು ಸಂಬಳ ಕೊಡ್ತೀರಿ. ಮಗುವನ್ನು ವ್ಯಾನ್ ಹತ್ತಿಸುವವಳಿಗೆ ಯಾರು ಕೊಡ್ತಾರೆ?" ಭಟ್ಟರು ಆ ನಿಯಮವನ್ನೂ ಒಪ್ಪಿ, ಕೈ ಎಣಿಸುವುದನ್ನು ಮುಂದಿನ ಸಭೆಗೆ ಇಟ್ಟರು. ಹೀಗೆ ನಮ್ಮ ಮನೆಯ ಕೈ ನನ್ನದಾಯಿತು. ಸದಾನಂದಣ್ಣನ ಮನೆಯದು ಅವರ ಹೆಂಡತಿ ವಿನಯಾಳದ್ದು.

ವಿನಯಾಳ ಮಕ್ಕಳಿಬ್ಬರೂ ಮೊದಲಿನಿಂದ ಹಿಲ್ಡಾ ಟೀಚರ ಹತ್ತಿರವೇ ಕಲಿತವರು. ಅಬುಧಾಬಿಗೆ ಮನೆ ಬದಲಿಸಿದ ಮೇಲೂ ಅವಳು ಭಾನುವಾರ ಬೆಳಿಗ್ಗೆ ಕಾರು ಓಡಿಸಿಕೊಂಡು ಅವರನ್ನು ನೈಫಿಗೇ ತರುತ್ತಿದ್ದಳು. ಚುನಾವಣೆಯ ಹಿಂದಿನ ವಾರ ಅವಳು ಟೀಚರ ಎದುರಿನಲ್ಲೇ ನನಗೆ, "ಸುಜಾತಕ್ಕ, ಮನೆಯಲ್ಲಿ ನಾನು ಎಂತದೂ ಹೇಳ್ಲಿಲ್ಲ. ಆದ್ರೆ ನನ್ನ ಕೈ ಟೀಚರಿಗೆ" ಎಂದಳು. ಅವಳ ಮುಖ ಬಿಳಿಚಿತ್ತು. ಟೀಚರ್ ಅವಳಿಗೊಂದು ತಟ್ಟೆ ಕಡಲೆ ಕೊಟ್ಟರು.

ಇತ್ತ ನಮ್ಮ ಮನೆಯಲ್ಲಿ ಪ್ರವೀಣ, "ಅವರು ನಂಗೆ ಕೆಲಸ ಕೊಡಿಸಿದವರು. ನೀನು ಅವರ ಎದುರು ಕೈ ಎತ್ತಿದ್ರೆ ನಾನು ಹೇಗೆ ಮುಖ ತೋರಿಸುದು?" ಎಂದ. ನಿನಗೆ ಕೆಲಸ ಕೊಡಿಸಿದ್ದು ಅವರಾದರೂ ನಿನ್ನ ಮಗಳಿಗೆ ಪಾಠ ಸಿಕ್ಕಿದ್ದು ಟೀಚರಿಂದ ಎಂದೆ.

ದುಬೈಯಲ್ಲೇ ಕರಾಮಾದ ಒಂದು ಹೋಟೆಲಿನ ಪಾರ್ಟಿ ಹಾಲಿನಲ್ಲಿ, ಭಾನುವಾರ ಮಧ್ಯಾಹ್ನ ಸಭೆ. ಯಾರು ಯಾರ ಕಡೆ ಎನ್ನುವುದು ಬಹುಮಟ್ಟಿಗೆ ತಿಳಿದೇ ಇತ್ತು. ನನ್ನ ಲೆಕ್ಕದ ಪ್ರಕಾರ ವಿನಯಾಳ ಕೈಯೂ ಸೇರಿ ಎರಡೂ ಕಡೆ ಸರಿಸಮ, ಅಂದರೆ ಟೀಚರ್ ಗೆದ್ದ ಹಾಗೆ. ಭಟ್ಟರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. ಆಗ ಟೀಚರ್ ಮುಂದಿನ ಸಾಲಿನಿಂದ ಹಿಂದೆ ತಿರುಗಿ, "ವಿನಯಾ, ಮಕ್ಕಳು ಹೊರಗೆ ಲಿಫ್ಟಿನಲ್ಲಿ ಆಡ್ತಾ ಇದ್ದಾರೆ. ಸ್ವಲ್ಪ ಹೋಗಿ ನೋಡು ಮಾರಾಯ್ತಿ. ನಾನು ಕರೆಯುವವರೆಗೆ ಒಳಗೆ ಬರ್ಬೇಡ" ಎಂದರು.

ಮಕ್ಕಳೆಲ್ಲ ಹಾಲಿನ ಮೂಲೆಯಲ್ಲಿ ಜ್ಯೂಸ್ ಕುಡಿಯುತ್ತಾ ಕುಳಿತಿದ್ದರು. ನನಗೆ ಕಾಣುತ್ತಿತ್ತು, ವಿನಯಾಳಿಗೂ ಕಾಣುತ್ತಿತ್ತು. ಅವಳು ಟೀಚರ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಪರ್ಸು ಎತ್ತಿಕೊಂಡು ಹೊರಗೆ ಹೋದಳು. ನಾನು ಎದ್ದು ತಡೆಯಬೇಕೆನ್ನುವಷ್ಟರಲ್ಲಿ ಭಟ್ಟರು ಕೈ ಎತ್ತಲು ಹೇಳಿಬಿಟ್ಟರು.

ನಾನು ಟೀಚರಿಗೆ ಕೈ ಎತ್ತಿದೆ. ಪಕ್ಕದಲ್ಲಿದ್ದ ಪ್ರವೀಣ ನೆಲ ನೋಡುತ್ತಿದ್ದ. ಭಟ್ಟರು ಎರಡು ಸಲ ಎಣಿಸಿದರು. ಟೀಚರಿಗೆ ಒಂದು ಕೈ ಕಡಿಮೆ ಬಂತು. ಸದಾನಂದಣ್ಣ ಬಾಗಿಲ ಕಡೆ ನೋಡುತ್ತಿದ್ದರು, ತಾವು ಗೆದ್ದದ್ದು ಅವರ ತಲೆಗೆ ತಡವಾಗಿ ಹೋಯಿತು. ಮೊದಲು ಚಪ್ಪಾಳೆ ತಟ್ಟಿದವರು ಟೀಚರ್.

ನೈಫಿನ ತರಗತಿ ಆ ತಿಂಗಳೇ ನಿಂತಿತು. ಹೊಸ ಸಭಾಂಗಣದಲ್ಲಿ ಟೀಚರ್ ಸಣ್ಣ ಮಕ್ಕಳ ಗುಂಪು ವಹಿಸಿಕೊಂಡರು. ಹೊರಗಿನ ತಿಂಡಿ ತರುವಂತಿಲ್ಲ ಎಂಬ ನಿಯಮವಿದ್ದುದರಿಂದ ಕಡಲೆಯೂ ನಿಂತಿತು. ನೈಫಿನ ಮಕ್ಕಳಲ್ಲಿ ಅಲ್ಲಿಗೆ ಬಂದವರು ಮೂವರೋ ನಾಲ್ವರೋ. ನನಗೆ ಟೀಚರ ಮೇಲೆ ಸಿಟ್ಟಿತ್ತು, ಮುಚ್ಚಿಡುವುದೇಕೆ. ಎದುರು ಸಿಕ್ಕಾಗ ಹೂಂ, ಉಹೂಂ ಎಂದಷ್ಟೇ ಮಾತಾಡುತ್ತಿದ್ದೆ. ಅವರು ಅದನ್ನು ಕಂಡೂ ಕಾಣದವರಂತೆ ಅನ್ವಿಯ ಓದಿನ ಬಗ್ಗೆ ವಿಚಾರಿಸುತ್ತಿದ್ದರು.

ಮರುವರ್ಷ ಕ್ಲಿನಿಕ್ಕಿನವರು ಅವರ ವೀಸಾ ಮುಂದುವರಿಸಲಿಲ್ಲ. ಹೊರಡುವ ಮುನ್ನಾದಿನ ನಾನು ನೈಫಿನ ಅವರ ಕೋಣೆಗೆ ಹೋದೆ. ಮಂಚದ ಮೇಲೆ ರಟ್ಟಿನ ಪೆಟ್ಟಿಗೆ ಇಟ್ಟುಕೊಂಡು ಊರಿನಲ್ಲಿದ್ದ ತಮ್ಮ ಅಕ್ಕನ ಮನೆಗೆ ಸಾಮಾನು ಕಟ್ಟುತ್ತಿದ್ದರು. ಇನ್ನು ಕೇಳದಿದ್ದರೆ ಎಂದೂ ಕೇಳಲಾಗದು ಎನಿಸಿತು. "ಟೀಚರ್, ಆವತ್ತು ವಿನಯಾಳನ್ನು ಯಾಕೆ ಹೊರಗೆ ಕಳಿಸಿದ್ರಿ? ಅವಳ ಕೈ ನಿಮಗೇ ಅಂತ ಗೊತ್ತಿತ್ತಲ್ಲ. ನನ್ನನ್ನಾದ್ರೆ ಕಳಿಸ್ಲಿಲ್ಲ."

"ನಿನ್ನ ಗಂಡ ನಾಲ್ಕು ಮಾತು ಬೈದು ಮತ್ತೆ ಮರೆಯುವವ" ಎಂದರು. ಟೇಪಿನ ಸುರುಳಿ ಹಿಡಿದ ಕೈ ನಿಂತಿತು. "ನಾನೇ ಆ ನಿಯಮ ತಂದದ್ದು. ಎಲ್ಲರ ಎದುರು ಕೈ ಎತ್ತುವಾಗ ಅವಳ ಗತಿ ಎಂತ ಅಂತ ಮೊದ್ಲೇ ಯೋಚನೆ ಮಾಡ್ಲಿಲ್ಲ."

"ಅವಳಿಗಾಗಿ ನೈಫಿನ ಮಕ್ಕಳ ಪಾಠ ಹೋಯಿತಲ್ಲ?"

"ಹೋಯ್ತು ಮಾರಾಯ್ತಿ. ಈಗ್ಲೂ ಹೊಟ್ಟೆ ಉರಿತದೆ." ಅವರು ನನ್ನ ಮುಖ ನೋಡಲಿಲ್ಲ. "ಆದ್ರೆ ಕೈ ಎಣಿಸಿ ಆದ್ಮೇಲೆ ನಾನು ಒಬ್ಬಳೇ ಬಸ್ಸು ಹತ್ತಿ ನನ್ನ ರೂಮಿಗೆ ಬರುವವಳು. ಅವಳು ಅಬುಧಾಬಿವರೆಗೆ ಅವನ ಪಕ್ಕದಲ್ಲೇ ಕೂತು ಹೋಗ್ಬೇಕು."

ಪೆಟ್ಟಿಗೆಯ ಮುಚ್ಚಳ ಮೇಲಕ್ಕೆ ಏಳುತ್ತಿತ್ತು. ನಾನು ಅದನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದೆ, ಅವರು ಟೇಪು ಸುತ್ತಿದರು.