ಬೆಂಕಿಯ ಹಿಂದಿನ ಮುಖ

ಫೋಟೊ ತೆಗೆಸಿಕೊಳ್ಳಲು ಜನ ತಲೆಗೆ ಸ್ನಾನ ಮಾಡಿಕೊಂಡು ಬರುತ್ತಿದ್ದ ಕಾಲ ಅದು. ಪುಣೆಯ ಧನಕವಡಿಯಲ್ಲಿ ನಮ್ಮಪ್ಪನ ಸ್ಟುಡಿಯೋ ಇತ್ತು. ಧಾರವಾಡದಿಂದ ಬಂದವರು, ಮಹಾ ಹಟಮಾರಿ. ಊರೆಲ್ಲ ಕಲರ್ ಫೋಟೊ ತೆಗೆಯತೊಡಗಿದ ಮೇಲೂ ‘ಕಲರ್ ಸುಳ್ಳ ಹೇಳ್ತದ’ ಎಂದು ಮೂಗು ಮುರಿದು ಕಪ್ಪು-ಬಿಳುಪಿಗೇ ಅಂಟಿಕೊಂಡಿದ್ದರು. ಹಿಂದಿನ ಕತ್ತಲೆ ಕೋಣೆಯ ರಾಸಾಯನಿಕದ ಹುಳಿ ವಾಸನೆ ನನ್ನ ಯೂನಿಫಾರ್ಮಿಗೂ ಹತ್ತಿಕೊಂಡು, ಶಾಲೆಯಲ್ಲಿ ಗೆಳತಿಯರು ನನ್ನನ್ನು ಮರಾಠಿಯಲ್ಲಿ ‘ಲೋಣಚೆ’, ಅಂದರೆ ಉಪ್ಪಿನಕಾಯಿ, ಎಂದು ಕಾಡಿಸುತ್ತಿದ್ದರು.

ಸಾಲುಮನೆಗಳ ನಮ್ಮ ಚಾಳಿನಲ್ಲೇ ಬೆಳಗಾವಿ ಕಡೆಯ ಗಂಗಕ್ಕ ಇದ್ದಳು. ಅವಳ ಮಗನ ಹೆಸರು ಸದಾ, ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಗಣಪತಿ ಹಬ್ಬ ಬಂತೆಂದರೆ ಬಾಯಲ್ಲಿ ಸೀಮೆಎಣ್ಣೆ ತುಂಬಿಕೊಂಡು, ಮೆರವಣಿಗೆಯ ಮುಂದೆ ನಿಂತು ಬೆಂಕಿ ಊದುತ್ತಿದ್ದ. ನಾವು ಚಾಳಿನ ಮಕ್ಕಳು ಬಾಯಿತುಂಬ ನೀರು ತುಂಬಿಕೊಂಡು, ‘ನಾನು ಸದಾ, ನಾನು ಸದಾ’ ಎಂದು ಒಬ್ಬರ ಮೇಲೊಬ್ಬರು ಉಗುಳಿ ಒಣಹಾಕಿದ ಬಟ್ಟೆಗಳನ್ನೆಲ್ಲ ತೋಯಿಸಿ ಬೈಸಿಕೊಳ್ಳುತ್ತಿದ್ದೆವು.

ಇಂಥ ಗಟ್ಟಿಗನಿಗೆ ಕ್ಯಾಮೆರಾ ಎಂದರೆ ಎದೆ ಡವಡವ. ಸ್ಟೂಲಿನ ಮೇಲೆ ಕೂರಿಸಿದರೆ ಬೆವರುತ್ತಿದ್ದ, ಕಣ್ಣು ಬಿಗಿಯಾಗಿ ಮುಚ್ಚುತ್ತಿದ್ದ, ಕೊನೆಗೆ ಎದ್ದು ಓಡಿಯೇ ಹೋಗುತ್ತಿದ್ದ. ಮನೆಯಲ್ಲಿ ಅವನ ಒಂದು ಫೋಟೊ ಕೂಡ ಇರಲಿಲ್ಲ. ಗಂಗಕ್ಕ ಅವನಿಗೆ ಹೆಣ್ಣು ನೋಡುತ್ತಿದ್ದಳು, ಹೆಣ್ಣಿನ ಕಡೆಯವರು ಫೋಟೊ ಕೇಳುತ್ತಿದ್ದರು. ಅವಳ ಕಾಟ ತಡೆಯಲಾರದೆ ಆ ವರ್ಷ ಅವನೇ ಬಂದು ಅಪ್ಪನಿಗೆ ಹೇಳಿದ: ‘ಬೆಂಕಿ ಊದೂವಾಗ ತೆಗೀರಿ ಕಾಕಾ. ಆವಾಗ ನನಗ ಕ್ಯಾಮೆರಾ ಕಾಣೂದಿಲ್ಲ.’

ಹಬ್ಬದ ಒಂದು ಸಂಜೆ ಚಾಳಿನ ಹಿಂದಿನ ಮೈದಾನಕ್ಕೆ ಎಲ್ಲರೂ ಹೋದೆವು. ಮಳೆ ಬಿಟ್ಟು ಹುಲ್ಲು ಹಸಿಯಾಗಿತ್ತು. ದೂರದ ಪೆಂಡಾಲಿನಿಂದ ಢೋಲಿನ ಸದ್ದು. ತುಟಿ ಸುಡದಿರಲೆಂದು ಗಂಗಕ್ಕ ಮಗನ ಬಾಯ ಸುತ್ತ ಕೊಬ್ಬರಿ ಎಣ್ಣೆ ಸವರಿದಳು. ಪ್ರತಿ ಸಲವೂ ಅವಳೇ ಸವರಬೇಕು, ಬೇರೆಯವರ ಕೈ ಅವನಿಗೆ ಆಗುತ್ತಿರಲಿಲ್ಲ. ಎಣ್ಣೆ ಹಚ್ಚಿದ ಕೈಯಿಂದಲೇ ನನ್ನ ಬಾಯಿಗೂ ಒಂದು ಕಡುಬು ತುರುಕಿದಳು. ಬೆಲ್ಲದ ರುಚಿ, ಪಕ್ಕದ ಡಬ್ಬಿಯ ಸೀಮೆಎಣ್ಣೆಯ ನಾತ, ಎರಡೂ ಒಟ್ಟಿಗೇ ಇಳಿದವು.

ಪಂಜು ಎತ್ತುವ ಮೊದಲು ಸದಾ ಮುಖ ಮುಟ್ಟಿಕೊಂಡು ಕೇಳಿದ: ‘ಕಾಕಾ, ಮಾರಿ ಬರ್ತದಲ್ಲ? ಇಲ್ಲಂದ್ರ ಅವ್ವ ಮತ್ತ ಸ್ಟೂಲಿನ ಮ್ಯಾಲ ಕುಂದರಸ್ತಾಳ.’

ಅಪ್ಪನಿಗೆ ಆಗಲೇ ಬೆಂಕಿಯ ಹುಚ್ಚು ಹತ್ತಿತ್ತು. ಜ್ವಾಲೆಯ ಎಳೆ ಎಳೆಯೂ ಮೂಡಬೇಕೆಂದು ಲೆನ್ಸಿನೊಳಗೆ ಹೋಗುವ ಬೆಳಕನ್ನು ಪೂರ್ತಿ ತಗ್ಗಿಸಿದ್ದರು. ಹಾಗೆ ಮಾಡಿದರೆ ಉಳಿದುದೆಲ್ಲ ಕತ್ತಲಾಗುತ್ತದೆಂದು ಅವರಿಗೆ ಗೊತ್ತಿತ್ತು. ‘ಮಾರಿ ಯಾವಾಗ ಬೇಕಾದ್ರೂ ತೆಗೀಬಹುದೋ ಹುಚ್ಚಪ್ಪಾ. ಇಂಥಾ ಬೆಂಕಿ ಇವತ್ತ ಮಾತ್ರ ಸಿಗ್ತದ,’ ಎಂದರು. ಸದಾ ನಕ್ಕ. ನಕ್ಕನೆಂದು ನೆನಪಿದೆ, ಆ ನಗು ಹೇಗಿತ್ತೆಂದು ನೆನಪಿಲ್ಲ.

ಫೋಟೊ ಅದ್ಭುತವಾಗಿ ಬಂತು. ಆಕಾಶದ ತುಂಬ ಬಿಳಿಯ ಬೆಂಕಿ, ಅದರ ಬುಡದಲ್ಲಿ ಎರಡು ಕೈ, ಕೈಗಳ ನಡುವೆ ಕಪ್ಪು. ಅಪ್ಪ ಅದನ್ನು ದೊಡ್ಡದು ಮಾಡಿ ಸ್ಟುಡಿಯೋದ ಗಾಜಿನಲ್ಲಿ ತೂಗುಹಾಕಿದರು. ‘ಚಂದ ಅದ್ರಿ. ಆದ್ರ ಇವನ ಮಾರಿ ಎಲ್ಲಿ?’ ಎಂದು ಗಂಗಕ್ಕ ಕೇಳಿದ್ದಕ್ಕೆ, ‘ದೀಪಾವಳಿಗೆ ಬರೇ ಮಾರಿ ತೆಗೀತೀನಿ’ ಎಂದು ಮಾತು ಕೊಟ್ಟರು.

ದೀಪಾವಳಿಗೆ ಮೊದಲೇ ಸದಾ ಒಂದು ಮೇಳದವರ ಜೊತೆ ನಾಸಿಕದ ಕಡೆ ಆಟಕ್ಕೆ ಹೋದ. ಮೇಳ ತಿರುಗಿ ಬಂತು. ‘ಬಸ್ ಸ್ಟ್ಯಾಂಡಿನಾಗ ಚಹಾ ಕುಡದ ಬರ್ತೀನಿ ಅಂತ ಇಳದಾ, ಮತ್ತ ಸಿಗಲೇ ಇಲ್ಲ,’ ಎಂದರು ಅವರು. ಪೊಲೀಸರು ಗಂಗಕ್ಕನನ್ನು ಕೇಳಿದ್ದು ಒಂದೇ: ‘ಫೋಟೊ ಆಣಾ.’ ಫೋಟೊ ತಾ.

ಅವಳು ಆ ನೆಗೆಟಿವ್ ಕೇಳಿಕೊಂಡು ನಮ್ಮಲ್ಲಿಗೆ ಬಂದಳು. ‘ಸ್ವಲ್ಪ ಬೆಳಕ ಮಾಡಿ ತೆಗೀರಿ ಅಣ್ಣಾ. ಒಳಗ ಇದ್ದಾನ ಅಂವ.’ ಕತ್ತಲೆ ಕೋಣೆಯ ಕೆಂಪು ದೀಪದಲ್ಲಿ ನಾನೂ ನಿಂತಿದ್ದೆ. ಕಾಗದ ತೊಟ್ಟಿಯಲ್ಲಿ ತೇಲುತ್ತಿತ್ತು, ಮೊದಲು ಕೈ ಮೂಡಿದವು, ನಾವು ಮೂವರೂ ಉಸಿರು ಹಿಡಿದು ಬಗ್ಗಿದೆವು. ಮುಖದ ಜಾಗದಲ್ಲಿ ಬರೀ ಬೂದಿ ಬಣ್ಣ. ಅಪ್ಪ ಮತ್ತೊಂದು ತೆಗೆದರು. ಮತ್ತೊಂದು. ‘ಇಲ್ಲ ಗಂಗಕ್ಕ, ಫಿಲ್ಮಿನಾಗನ ಏನೂ ಕುಂತಿಲ್ಲ,’ ಎಂದು ನೆಗೆಟಿವ್ ಕೆಳಗಿಟ್ಟರು. ಅವಳು ಒದ್ದೆ ಕಾಗದವನ್ನೇ ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಸದಾ ಸಿಗಲಿಲ್ಲ.

ಅಂದೇ ಗಾಜಿನಿಂದ ಆ ಫೋಟೊ ಇಳಿಯಿತು. ಆಮೇಲೆ ಸಾಯುವವರೆಗೂ ಅಪ್ಪ ಮದುವೆಯಿರಲಿ, ಮುಂಜಿಯಿರಲಿ, ‘ಮೊದಲ ಎಲ್ಲಾರ ಮಾರಿ’ ಎನ್ನುತ್ತಿದ್ದರು. ಜನ ನಗುತ್ತಿದ್ದರು.

ಈಗ ನಾನು ಪುಣೆಯ ಖರಾಡಿಯ ಅಪಾರ್ಟ್‌ಮೆಂಟಿನಲ್ಲಿದ್ದೇನೆ. ಹೋದ ಗಣಪತಿ ಹಬ್ಬಕ್ಕೆ ಅಪ್ಪನ ಹಳೆಯ ಪೆಟ್ಟಿಗೆಯಲ್ಲಿ ಆ ನೆಗೆಟಿವ್ ಸಿಕ್ಕಿತು. ಮೊಬೈಲಿನಲ್ಲಿ ಹಳೆಯ ಫೋಟೊ ಸರಿಮಾಡುವ ಆ್ಯಪ್ ಇತ್ತಲ್ಲ, ಅದಕ್ಕೆ ಕೊಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕತ್ತಲು ಸರಿದು ಮುಖ ಬಂತು. ಹುಬ್ಬು, ಕಣ್ಣು, ತುಟಿಯ ಮೇಲೆ ಎಣ್ಣೆಯ ಮಿನುಗು ಕೂಡ. ನಾನು ಅತ್ತುಬಿಟ್ಟೆ.

ಗಂಗಕ್ಕ ಈಗ ನಿಗಡಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಮರುದಿನವೇ ಪ್ರಿಂಟ್ ಹಾಕಿಸಿಕೊಂಡು ಹೋಗಿ ಆ ಫೋಟೊವನ್ನು ಅವಳ ಕೈಗಿಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

‘ಹುಡುಗ ಭಾಳ ಚಂದ ಇದ್ದಾನವಾ,’ ಎಂದಳು. ‘ಯಾರ ಮಗಾ ಇಂವ?’

ಅವಳು ಫೋಟೊ ತಿರುಗಿ ಕೊಟ್ಟಳು. ದಿಂಬಿನ ಕೆಳಗಿನಿಂದ ಹಳದಿಯಾದ ಆ ಬೂದಿಬಣ್ಣದ ಕಾಗದ ತೆಗೆದು, ಖಾಲಿ ಜಾಗದ ಮೇಲೆ ಬೆರಳಾಡಿಸಿದಳು, ಎಣ್ಣೆ ಸವರುವ ಹಾಗೆ. ‘ನನಗ ಇದರಾಗ ಕಾಣ್ತಾನ,’ ಎಂದಳು.

ಮನೆಗೆ ಬಂದು ಪ್ರಿಂಟ್ ಹರಿದು, ಆ್ಯಪ್ ತಾನೇ ಕಟ್ಟಿದ್ದ ಆ ಮುಖವನ್ನು ಅಳಿಸಿಹಾಕಿದೆ. ಮೊಬೈಲಿನಿಂದ ಹೋಯಿತು. ಆದರೆ ಈಗ ಕಣ್ಣು ಮುಚ್ಚಿ ಆ ಮೈದಾನ, ಆ ಹಸಿ ಹುಲ್ಲು, ಆ ಕಡುಬು ನೆನೆಸಿಕೊಂಡರೆ, ಬೆಂಕಿಯ ಹಿಂದಿನಿಂದ ಅವನೇ ನನ್ನತ್ತ ನೋಡಿ ನಗುತ್ತಾನೆ, ಆ ಯಾರದೋ ಮಗ. ಮೊದಲು ಅಲ್ಲಿ ಕತ್ತಲಾದರೂ ಇತ್ತು. ಸದಾ ಅಷ್ಟು ವರ್ಷ ಅದರೊಳಗೇ ಇದ್ದ.