ಒಣಗುವ ಮೊದಲು ಮೊಲದ ಹೆಜ್ಜೆ

ಬೀದಿಯವರೆಲ್ಲ ಅವಳನ್ನು ಸುಣ್ಣದಮ್ಮ ಎಂದೇ ಕರೆಯುತ್ತಿದ್ದರು. ಸುಣ್ಣಕ್ಕೂ ಅವಳಿಗೂ ಯಾವ ಸಂಬಂಧವೂ ಇಲ್ಲ. ಬಿಳಿ ಬಣ್ಣ ಮೆತ್ತಿದ ಕೈಯಲ್ಲೇ ತರಕಾರಿ ಅಂಗಡಿಗೆ ಹೋಗುತ್ತಿದ್ದಳು, ಅಷ್ಟೆ. ಬೀದಿಯ ಬಾಯಿಗೆ ಬೀಗ ಹಾಕುವವರಾರು? ಗಂಡ ಹೆಂಡತಿ ಸೇರಿ ಚಳಿಗಾಲದ ಚಿತ್ರ ಬರೆದೇ ಹೊಟ್ಟೆ ಹೊರೆದುಕೊಂಡವರು. ಹಿಮ ಇವಳದು, ಪ್ರಾಣಿಗಳ ಹೆಜ್ಜೆ ಗಂಡನದು. ಇವಳು ದಪ್ಪಗೆ ಬಿಳಿ ಬಳಿದು ಪಕ್ಕಕ್ಕೆ ಸರಿದರೆ, ಯಜಮಾನರು ಹಸಿ ಬಣ್ಣದಲ್ಲಿ ಬೆರಳ ತುದಿ ಒತ್ತಿ ಒತ್ತಿ ಮೊಲದ ಹೆಜ್ಜೆ ಮೂಡಿಸಬೇಕು. ಒಣಗಿತೋ, ತಿಪ್ಪರಲಾಗ ಹಾಕಿದರೂ ಹೆಜ್ಜೆ ಕೂರದು. ಚಿತ್ರದಲ್ಲಿ ಮೊಲ ಎಲ್ಲಿಯೂ ಇರುತ್ತಿರಲಿಲ್ಲ. ನೋಡಿದವರು ಮಾತ್ರ ಈಗಷ್ಟೇ ಹೋಯಿತು ಎನ್ನುತ್ತಿದ್ದರು.

ಯಜಮಾನರ ಅಂಥ ಬಲಗೈ ಲಕ್ವ ಹೊಡೆದು ಬಿದ್ದುಹೋಯಿತು. ಅಂದಿನಿಂದ ಆ ಮನುಷ್ಯ ಕೆಲಸದ ಕೋಣೆಯ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಕರೆದರೆ ಊಟಕ್ಕೆ ಬರುವುದು, ಮತ್ತೆ ಕಿಟಕಿ ನೋಡುತ್ತ ಕೂರುವುದು. ಕೈ ಹೋದದ್ದಕ್ಕಿಂತ ಈ ಮೌನವೇ ಸುಣ್ಣದಮ್ಮನಿಗೆ ಭಯ ಹುಟ್ಟಿಸಿತ್ತು. ಹೀಗೇ ಬಿಟ್ಟರೆ ಅವರೇ ಕೈತಪ್ಪಿ ಹೋಗುತ್ತಾರೆ ಎಂದು ಒಳಗೊಳಗೇ ಕುಸಿಯುತ್ತಿದ್ದಳು.

ಒಂದು ಬೆಳಿಗ್ಗೆ, ಆಸ್ಪತ್ರೆಯವರು ತಮ್ಮ ಗೋಡೆಗೆಂದು ಹೇಳಿಹೋಗಿದ್ದ ಚಿತ್ರದ ದೊಡ್ಡ ಹಲಗೆಗೆ, ಮೂಲೆಯಲ್ಲಿ ಬರೆದ ಪೊದೆಯೊಂದನ್ನು ಬಿಟ್ಟು, ಪೂರ್ತಿ ಬಿಳಿ ಬಳಿದವಳೇ ಕೂಗಿದಳು: “ರೀ, ಬನ್ನಿ ಬೇಗ! ಒಣಗ್ತಾ ಇದೆ!”

“ನೀನೇ ಒತ್ತು.”

“ನಾನು ಒತ್ತಿದ್ರೆ ಮೊಲ ಅಲ್ಲ, ಎಮ್ಮೆ ಆಗುತ್ತೆ. ನಿಮ್ಮ ಎಡಗೈಗೇನು ಧಾಡಿ?”

ಯಜಮಾನರು ಬೈಯುತ್ತಲೇ ಎದ್ದು ಬಂದರು. ಎಡಗೈ ಬೆರಳು ಬಿಳುಪಿಗೆ ತಾಗಿತು. ಮೊಲ ಮುಂಗಾಲೂರಿ, ಹಿಂಗಾಲನ್ನು ಅದರಾಚೆ ಇಟ್ಟು ಕುಪ್ಪಳಿಸುವ ಪ್ರಾಣಿ. ಆ ಲೆಕ್ಕವೇನೂ ತಪ್ಪಿರಲಿಲ್ಲ. ಆದರೆ ಒಂದು ಗುಳಿ ತೀರಾ ಆಳ, ಇನ್ನೊಂದು ಜಾರಿ ಗೀರಾಗಿತ್ತು.

“ನೋಡಿದ್ಯಾ? ಕುಂಟು ಮೊಲ! ಇದನ್ನ ಯಾರು ಗೋಡೆಗೆ ಹಾಕ್ತಾರೆ? ಕೆರೆದು ಹಾಕು.”

“ಕುಂಟಿದ್ರೆ ಕುಂಟಲಿ. ಹೋಗ್ತಾ ಇದೆ ತಾನೇ?” ಎಂದಳು.

ಅವರ ಚಿತ್ರಗಳಲ್ಲಿ ಮೊಲದ ಬೆನ್ನಿಗೇ ನರಿಯ ಹೆಜ್ಜೆ ಇದ್ದೇ ಇರುತ್ತಿತ್ತು. ಗಿರಾಕಿಗಳಿಗೆ ಅದೇ ಖುಷಿ. ಅಭ್ಯಾಸಬಲದಿಂದ ಯಜಮಾನರ ಬೆರಳು ನರಿ ಬರುವ ಅಂಚಿಗೆ ಹೋಯಿತು. ಹೋಗಿ ಅಲ್ಲೇ ನಿಂತಿತು.

“ನರಿ ಬೇಡ ಕಣೆ,” ಎಂದರು. “ಈ ಮೊಲಕ್ಕೆ ಓಡೋಕಾಗಲ್ಲ.”

ಸುಣ್ಣದಮ್ಮ ಅಲ್ಲೇ ಅತ್ತುಬಿಟ್ಟಳು.

ಆತ ತಿರುಗಿಯೂ ನೋಡಲಿಲ್ಲ. “ಅಳೋದು ಆಮೇಲೆ. ಈ ಮೂಲೆಗೆ ಇನ್ನೊಂದು ಸಲ ಬಿಳಿ ಬಳಿ. ಈ ಮೊಲಾನ ಆ ಪೊದೆ ತನಕ ಮುಟ್ಟಿಸ್ಬೇಕು.”